ಹಾಸಿಗೆಯ ಮೇಲೆ ತಟ್ಟಿದ ಕೈ

ಮಗಳಿಗೆ ಕಡ್ಡಿ ಎಂದು ಅಡ್ಡಹೆಸರಿಟ್ಟವನು ಅವಳ ಅಪ್ಪನೇ. ಹುಟ್ಟಿದಾಗ ಅಷ್ಟು ಸಣಕಲಾಗಿದ್ದಳು. ಈಗ ಹತ್ತೊಂಬತ್ತು ತುಂಬಿ, ಭುಜ ಅಗಲವಾಗಿ, ಕತ್ತು ಗಟ್ಟಿಯಾದ ಮೇಲೂ ಮನೆಯಲ್ಲಿ ಆ ಹೆಸರೇ ಉಳಿದಿತ್ತು. ಅಪ್ಪ ಬಡಗಿ. ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಕಿಟಕಿ ಬಾಗಿಲು ಮಾಡುತ್ತಿದ್ದ. ತಾಯಿ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಹೊದಿಕೆ ಮಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಇನ್ನು ಅಜ್ಜಿ, ಬಡಗಿಯ ತಾಯಿ, ಬಾಗಿಲ ಬಳಿಯ ಕುರ್ಚಿ ಬಿಟ್ಟು ಏಳದೆಯೇ ಇಡೀ ಬೀದಿಯ ಸಮಾಚಾರವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು.

ಕಡ್ಡಿ ಎರಡು ವರ್ಷದಿಂದ ಹಳೇ ಗೋದಾಮಿನ ಹಾಲ್‌ಗೆ ಕುಸ್ತಿ ಕಲಿಯಲು ಹೋಗುತ್ತಿದ್ದಳು. ಎತ್ತಿ ಹಾಕಿ ಬೆನ್ನು ಮಣ್ಣಿಗೆ ತಾಗಿಸಿದರೆ ಮುಗಿಯಿತು ಎನ್ನುವ ಕುಸ್ತಿಯಲ್ಲ ಅದು. ಅಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಎಷ್ಟೋ ಸಲ ಆಟ ಶುರುವಾಗುತ್ತದೆ. ಅಂಗಾತ ಮಲಗಿದವಳು ಮೇಲೆ ಬಂದವರ ಸೊಂಟವನ್ನು ಎರಡೂ ಕಾಲುಗಳಿಂದ ಸುತ್ತಿ ಹಿಡಿಯಬೇಕು. ಆ ಹಿಡಿತಕ್ಕೆ ಗಾರ್ಡ್ ಎನ್ನುತ್ತಾರೆ. ಅಲ್ಲಿಂದ ಎದುರಾಳಿಯ ಒಂದು ಕೈ ಎಳೆದುಕೊಂಡು, ಸೊಂಟ ತಿರುಗಿಸಿ, ಒಂದು ಕಾಲನ್ನು ಅವರ ಮುಖದ ಆಚೆ ಹಾಕಿ, ಆ ಕೈಯನ್ನು ತೊಡೆಗಳ ನಡುವೆ ನೆಟ್ಟಗೆ ಮಾಡಿ ಸೊಂಟ ಎತ್ತಿದರೆ ಮೊಣಕೈಯ ಕೀಲಿಗೆ ಪಟ್ಟು ಬೀಳುತ್ತದೆ. ಸಿಕ್ಕಿಬಿದ್ದವರು ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಬಿಟ್ಟುಬಿಡಬೇಕು. ಮಗಳು ಊಟಕ್ಕೆ ಕೂತಾಗಲೆಲ್ಲ ಎರಡು ಚಮಚ ಹಿಡಿದು ಇದನ್ನೇ ಮಾಡಿ ತೋರಿಸುತ್ತಿದ್ದುದರಿಂದ ತಾಯಿಗೆ ಇದೆಲ್ಲ ಬಾಯಿಪಾಠವಾಗಿತ್ತು.

ಬಡಗಿಗೆ ಮಾತ್ರ ಅದು ನಗೆಪಾಟಲು. “ಮಲಗಿಕೊಂಡು ಗೆಲ್ಲೋದು ಎಂಥ ಆಟವೇ? ಹಾಗಾದ್ರೆ ನಾನೂ ಆಡ್ತೀನಿ, ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ” ಎನ್ನುತ್ತಿದ್ದ.

ಅವನು ಆಡಿದ್ದೂ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆಯೇ.

ಇನ್ನು ಆರು ವಾರಕ್ಕೆ ಪಂದ್ಯ, ಹಾಲ್‌ನಿಂದ ತನ್ನನ್ನು ಆರಿಸಿದ್ದಾರೆ ಎಂದು ಕಡ್ಡಿ ಊಟದ ನಡುವೆ ಹೇಳಿದಳು. ಅಜ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ.

“ನಾಲ್ಕು ಜನರ ಮುಂದೆ ಕಾಲೆತ್ತಿಕೊಂಡು ಮಲಗೋಕೆ ಆರಿಸೋದು ಬೇರೆ ಕೇಡು” ಎಂದಳು.

“ಅಜ್ಜೀ, ನೀನು ಒಂದು ಸಲ ಬಂದು ನೋಡು. ಆಮೇಲೆ ಬೈ.”

“ನೋಡಿದ ಮೇಲೆ ಬೈಯೋಕೆ ಉಸಿರಿರಬೇಕಲ್ಲ.”

ಬಡಗಿ ಕೈ ತೊಳೆದು ಬಂದು ನಡುಮನೆಯ ಹತ್ತಿಯ ಹಾಸಿಗೆಯನ್ನು ಕಾಲಲ್ಲೇ ಬಿಡಿಸಿದ. “ಬಾರೇ ಕಡ್ಡಿ. ಮೂವತ್ತು ವರ್ಷ ಮರ ಕೀಸಿದ ಕೈ ಇದು. ನೆಟ್ಟಗೆ ಮಾಡು ನೋಡೋಣ.”

“ಬೇಡ ಅಪ್ಪ, ನಿಮಗೆ ಅಭ್ಯಾಸ ಇಲ್ಲ.”

“ಹೆದರಿದಳು ನೋಡಮ್ಮ!” ಎಂದು ಬಡಗಿ ಅಜ್ಜಿಯ ಕಡೆ ತಿರುಗಿದ.

ಅಡಿಗೆಮನೆಯ ಬಾಗಿಲಲ್ಲಿ ತಾಯಿ ಸೌಟು ಹಿಡಿದು ನಿಂತಿದ್ದಳು. “ಬೇಡ ರೀ, ಈಗ ತಾನೇ ಉಂಡಿದ್ದೀರಿ. ಅದು ಕೀಲಿನ ಪಟ್ಟು, ತಮಾಷೆ ಅಲ್ಲ.”

“ನೀನು ಸುಮ್ನಿರು. ಹೊದಿಕೆ ಮಡಿಸೋಳಿಗೆ ಪಟ್ಟು ಗೊತ್ತಾಗಿಬಿಡ್ತು! ನಾಲ್ಕು ಮೂಲೆ ಸೇರಿಸಿದ್ರೆ ನಿನ್ನ ಬುದ್ಧಿ ಮುಗೀತು.”

ಅಜ್ಜಿ ಕಿಸಕ್ಕನೆ ನಕ್ಕಳು. ನಾಲ್ಕು ಮೂಲೆಯ ಈ ಮಾತು ಹೊಸದಲ್ಲ. ನೆಂಟರ ಮುಂದೆ, ಬಾಗಿಲು ಮಾಡಿಸಲು ಬಂದವರ ಮುಂದೆ, ಹಾಲಿನವನ ಮುಂದೆ ಕೂಡ ಆಡಿ ಆಡಿ ಸವೆದಿತ್ತು. ಕೇಳಿದವರು ನಗುತ್ತಿದ್ದರು, ತಾಯಿಯೂ ನಗುತ್ತಿದ್ದಳು. ಅವತ್ತೂ ನಕ್ಕಳು.

“ಸಾಕು ಅನ್ನಿಸಿದ್ರೆ ತಟ್ಟಿ ಅಪ್ಪ. ನನ್ನ ಮೈಮೇಲಾದ್ರೂ ತಟ್ಟಿ, ಕೆಳಗಾದ್ರೂ ತಟ್ಟಿ” ಎಂದು ಕಡ್ಡಿ ಅಂಗಾತ ಮಲಗಿದಳು. ಬಡಗಿ ಅವಳ ಮುಂದೆ ಮಂಡಿಯೂರಿ ಕೂತು, ಬೆಳೆದ ಮಗಳನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ, ಅವಳ ಅಂಗಿಯ ಕಾಲರಿನ ಕಡೆ ಬಲಗೈ ಚಾಚಿದ. ಅದೇ ಸಾಕಾಯಿತು. ಕೈ ಅವಳ ಎದೆಗೆ ಅಂಟಿತು, ಸೊಂಟ ತಿರುಗಿತು, ಕಾಲು ಅವನ ಮುಖದ ಮೇಲೆ ಬಂದು ಬಾಯಿ ಮುಚ್ಚಿ, ಕೆನ್ನೆಯನ್ನು ಅಡಿಗೆಮನೆಯ ಕಡೆಗೆ ಒತ್ತಿತು. ಅವನ ಮೂವತ್ತು ವರ್ಷದ ಕೈ ಮಗಳ ತೊಡೆಗಳ ನಡುವೆ ಅಳತೆಕೋಲಿನಂತೆ ನೆಟ್ಟಗಾಯಿತು. ಕಡ್ಡಿ ಸೂರು ನೋಡುತ್ತ ನಿಧಾನವಾಗಿ, ಬಹಳ ನಿಧಾನವಾಗಿ, ಸೊಂಟ ಎತ್ತತೊಡಗಿದಳು.

ಬಡಗಿ ತಟ್ಟಿದ. ಮಗಳ ತೊಡೆಯನ್ನು ತಟ್ಟಲು ಸಂಕೋಚವಾಗಿ ಎಡಗೈಯಿಂದ ಆಚೆ ಬದಿ ಹಾಸಿಗೆಯ ಮೇಲೆ ತಟ್ಟಿದ. ಎರಡು ಸಲ. ಹತ್ತಿಯ ಹಾಸಿಗೆ ಅದನ್ನು ನುಂಗಿಕೊಂಡಿತು. ಅವನದೇ ಮೈ ಅಡ್ಡವಿದ್ದುದರಿಂದ ಕಡ್ಡಿಗೆ ಆ ಕೈ ಕಾಣಲಿಲ್ಲ. ಮತ್ತೆ ಎರಡು ಸಲ ತಟ್ಟಿದ.

ತಾಯಿಗೆ ಕಂಡಿತು. ಮೊದಲನೆಯ ಸಲವೇ ಕಂಡಿತು. ‘ಬಿಡೇ’ ಎಂಬ ಮಾತು ನಾಲಿಗೆಯ ತನಕ ಬಂದಿತ್ತು. ಅದರ ಹಿಂದೆಯೇ ಇನ್ನೊಂದು ಮಾತು ಬಂದು ಅದನ್ನು ಹಿಡಿದು ನಿಲ್ಲಿಸಿತು: ಇನ್ನೊಂಚೂರು ಇರಲಿ.

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಅಷ್ಟೇ.

ನೆಟಿಕೆ ಮುರಿದಷ್ಟೇ ಸದ್ದಾಯಿತು. ಬಡಗಿ ಕೂಗಿದ. ಕಡ್ಡಿ ಬೆಂಕಿ ಮುಟ್ಟಿದವಳಂತೆ ಕೈ ಬಿಟ್ಟಳು. ಅಜ್ಜಿಯ ಕೈಯಿಂದ ನೀರಿನ ಲೋಟ ಜಾರಿತು.

ತಾಯಿ ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದರು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿದರು. ಮೂಳೆ ಮುರಿದಿಲ್ಲ, ಕೀಲನ್ನು ಹಿಡಿದಿಡುವ ನಾರು ಹರಿದಿದೆ, ಮೂರು ವಾರ ಪಟ್ಟಿ ಎಂದರು.

“ಹೇಗಾಯ್ತು?”

“ಬಚ್ಚಲಲ್ಲಿ ಜಾರಿದೆ” ಎಂದ ಬಡಗಿ.

“ಬಚ್ಚಲಲ್ಲಿ ಬಿದ್ದವರ ಮೊಣಕೈ ಹೀಗೆ ಉಲ್ಟಾ ಹೋಗಿದ್ದು ನಾನು ನೋಡಿಲ್ಲ.”

“ನಮ್ಮ ಬಚ್ಚಲೇ ಹಾಗೆ ಸ್ವಾಮಿ.”

ಡಾಕ್ಟರು ಒಮ್ಮೆ ಕಡ್ಡಿಯ ಮುಖ ನೋಡಿ ಬರೆದುಕೊಂಡರು. ಕಡ್ಡಿ ತಲೆ ತಗ್ಗಿಸಿದಳು. ತಾಯಿಯೂ ತಗ್ಗಿಸಿದಳು, ಅವಳು ತಗ್ಗಿಸಿದ್ದಕ್ಕೆ ಕಾರಣ ಬೇರೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಕಡ್ಡಿ ಅಡಿಗೆಮನೆಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿದಳು. ಕಣ್ಣು ಊದಿಕೊಂಡಿತ್ತು.

“ಅಮ್ಮ, ಅಪ್ಪ ತಟ್ಟಿದೆ ಅಂತಾರೆ. ತಟ್ಟಿದ್ರೆ ನಾನು ಬಿಡ್ತಿರಲಿಲ್ವಾ? ಹಠ ಹಿಡಿದು ತಟ್ಟದೇ ಕೂತರು ಅಂದ್ಕೊಂಡೆ. ನೀನು ನೋಡಿದ್ಯಾ?”

ತಾಯಿ ಪಾತ್ರೆ ಉಜ್ಜುತ್ತಿದ್ದಳು. “ನಾನು ಒಲೆ ಕಡೆ ನೋಡ್ತಿದ್ದೆ ಕಣೇ” ಎಂದಳು.

ಹೇಳಿದ ಮೇಲೆ ಅದೇ ಪಾತ್ರೆಯನ್ನು ಇನ್ನೊಂದು ಸಲ ಉಜ್ಜಿದಳು.

ಮರುದಿನದಿಂದ ಕಡ್ಡಿ ಹಾಲ್‌ಗೆ ಹೋಗಲಿಲ್ಲ. ಕುಸ್ತಿಯ ಬಿಳೀ ದಪ್ಪ ಅಂಗಿಯನ್ನು ಒಗೆದು, ಒಣಗಿಸಿ, ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಬೆಳಿಗ್ಗೆ ಎದ್ದು ಅಪ್ಪನಿಗೆ ಸ್ನಾನಕ್ಕೆ ನೀರು ಕಾಯಿಸಿದಳು, ಮನೆ ಗುಡಿಸಿದಳು, ತಗಡಿನ ಮಾಡಿನ ಕೆಳಗೆ ಬಿದ್ದ ಮರದ ಹೊಟ್ಟು ಚೀಲಕ್ಕೆ ತುಂಬಿದಳು. ಅಜ್ಜಿಗೆ ಚಹಾ ಒಯ್ದರೆ ಅಜ್ಜಿ ಮುಖ ತಿರುಗಿಸಿದಳು.

“ಹೆತ್ತಪ್ಪನ ಕೈ ತಿರುವಿದ ಕೈಯಿಂದ ನನಗೆ ಚಹಾ ಬೇಡ.”

ಕಡ್ಡಿ ಲೋಟ ಅಲ್ಲೇ ಇಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಕೂಗು ಬಂತು: “ಸಕ್ಕರೆ ಹಾಕೋಕೂ ಕೈ ಬರಲಿಲ್ವೇನೇ?”

ಬಡಗಿ ಮಗಳ ಜೊತೆ ಮಾತು ನಿಲ್ಲಿಸಿದ. ಅವಳು ಒಂದು ಮಾರು ದೂರದಲ್ಲೇ ಇದ್ದರೂ “ಅಮ್ಮಾ, ನೀರು ಕೊಡೋಕೆ ಹೇಳು” ಎಂದು ಹೊರಗಿದ್ದ ತನ್ನ ತಾಯಿಗೆ ಕೂಗುತ್ತಿದ್ದ. ಅಜ್ಜಿ ಅಲ್ಲಿಂದ “ನೀರಂತೆ ಕಣೇ” ಎಂದು ಕೂಗುತ್ತಿದ್ದಳು. ಆ ಹೊತ್ತಿಗೆ ನೀರು ಅವನ ಮುಂದೆ ಇರುತ್ತಿತ್ತು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವಾಗ ಅನ್ನ ಮಡಿಲಿಗೆ ಉದುರುತ್ತಿತ್ತು. ತಾಯಿ ಮೊಟ್ಟೆ ಬೇಯಿಸಿ ಸುಲಿದು ಚೂರು ಮಾಡಿ ಕೊಡುತ್ತಿದ್ದಳು. ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಿದ್ದಳು. ಗುಂಡಿ ಹಾಕುವಷ್ಟು ಹೊತ್ತೂ ಅವನು ಅವಳ ನೆತ್ತಿಯ ಮೇಲಿಂದ ಗೋಡೆಯನ್ನೇ ನೋಡುತ್ತಿದ್ದ. ನೋವಿನ ಸಿಟ್ಟು ಎಂದುಕೊಂಡು ಅವಳು ಬೇಗ ಬೇಗ ಕೈ ಆಡಿಸುತ್ತಿದ್ದಳು. ಒಂದು ದಿನ ಗುಂಡಿ ಒಂದೊಂದು ಮನೆ ತಪ್ಪಿ ಕೂತಿತ್ತು. ಅವನು ಹೇಳಲೇ ಇಲ್ಲ. ಹಾಗೇ ಸಂಜೆಯ ತನಕ ಓಡಾಡಿದ.

ಹಳೆಯ ಅವನಾಗಿದ್ದರೆ ನಾಲ್ಕು ಮೂಲೆಯ ಮಾತು ಬರಬೇಕಿತ್ತು.

ಎರಡನೇ ವಾರ ಒಂದು ಬೆಳಿಗ್ಗೆ ಮಾತು ಒಡೆಯಿತು. ಕಡ್ಡಿ ಚಹಾ ಇಟ್ಟು ನಿಂತೇ ಇದ್ದಳು.

“ಅಪ್ಪ, ಒಂದು ಸಲ ನನ್ನ ಹತ್ರ ಮಾತಾಡಿ. ತಪ್ಪಾಯ್ತು ಅಂತ ಹತ್ತು ಸಲ ಹೇಳಿದೆ.”

“ತಪ್ಪಾಯ್ತು ಅಂತ ಹೇಳಬೇಡ. ತಟ್ಟಿದ್ದು ಗೊತ್ತಾಗಿತ್ತು ಅಂತ ಹೇಳು.”

“ಗೊತ್ತಾಗಿದ್ರೆ ಹೇಳ್ತಿದ್ದೆ. ನೀವು ತಟ್ಟಲಿಲ್ಲ.”

“ನಾಲ್ಕು ಸಲ ತಟ್ಟಿದೆ!”

“ಇಲ್ಲ!”

“ಹಾಗಾದ್ರೆ ನಾನು ಸುಳ್ಳುಗಾರ. ಕೇಳಿದೆಯಾ ಅಮ್ಮ? ನಿನ್ನ ಮಗ ಸುಳ್ಳುಗಾರ.”

“ಮೊಮ್ಮಗಳ ಬಾಯಲ್ಲಿ ಇದನ್ನ ಕೇಳೋಕೆ ಬದುಕಿದ್ದೀನಿ” ಎಂದು ಅಜ್ಜಿ ಕುರ್ಚಿಯಿಂದಲೇ ಸೇರಿಸಿದಳು.

“ಅಮ್ಮ, ನೀನಾದ್ರೂ ಏನಾದ್ರೂ ಹೇಳು!” ಕಡ್ಡಿ ಅಡಿಗೆಮನೆಯ ಕಡೆ ತಿರುಗಿದಳು.

ತಾಯಿ ಬೇಳೆಯ ಪಾತ್ರೆಯಲ್ಲಿ ಸೌಟು ತಿರುವುತ್ತಲೇ ಇದ್ದಳು. “ಇಬ್ಬರೂ ತಿಂಡಿ ತಿನ್ನಿ ಮೊದಲು” ಎಂದಳು. ಬಡಗಿ ಎದ್ದು ಹಿತ್ತಲಿಗೆ ಹೋದ. ಕಡ್ಡಿ ತಿನ್ನದೆ ಕಸ ಗುಡಿಸಲು ಹೋದಳು. ಅಜ್ಜಿ ಒಬ್ಬಳೇ ಎರಡು ಸಲ ಬಡಿಸಿಕೊಂಡು ತಿಂದಳು.

ಆಸ್ಪತ್ರೆಯಲ್ಲಿ ಹೊದಿಕೆ ಮಡಿಸುವುದು ಇಬ್ಬರ ಕೆಲಸ. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಹಿಡಿದು ಝಾಡಿಸಿ, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿ, ಮತ್ತೆ ದೂರ ಸರಿಯಬೇಕು. ತಾಯಿಯ ಜೊತೆಗಾತಿ ಮಾತಿನಮಲ್ಲಿ.

“ಏನಮ್ಮಾ, ನಿನ್ನ ಮೂಲೆ ಒಂದು ಕಡೆ, ನಿನ್ನ ಗಮನ ಒಂದು ಕಡೆ. ಮನೆಯವರ ಕೈ ಹೇಗಿದೆ?”

“ಇನ್ನೂ ಪಟ್ಟಿ ಇದೆ.”

“ನಮ್ಮ ಮನೆಯವರ ಕೈ ಹೀಗೆ ಕಟ್ಟಿಹಾಕಿದ್ರೆ ನಾನು ಈ ವಿಭಾಗಕ್ಕೆಲ್ಲ ಸಿಹಿ ಹಂಚ್ತಿದ್ದೆ! ಮೂರು ವಾರ ತೋರುಬೆರಳು ಎತ್ತಿ ಮಾತಾಡೋ ಹಾಗಿಲ್ಲವಲ್ಲ, ಎಷ್ಟು ಸುಖ.”

ತಾಯಿಗೆ ನಗು ಬಂದೇಬಿಟ್ಟಿತು. ಜೋರಾಗಿ ನಕ್ಕಳು, ನಗು ನಿಲ್ಲುವ ಮೊದಲೇ ತುದಿಯನ್ನು ಜೊತೆಗಾತಿಯ ಕೈಗೆ ತುರುಕಿ, ಇಸ್ತ್ರಿ ಯಂತ್ರಗಳ ಹಿಂದೆ ಹಬೆ ತುಂಬಿದ ಜಾಗಕ್ಕೆ ಹೋಗಿ ನಿಂತಳು. ಅಲ್ಲಿ ಅತ್ತರೆ ಬೆವರೋ ಕಣ್ಣೀರೋ ಯಾರಿಗೂ ತಿಳಿಯುವುದಿಲ್ಲ. ಜೊತೆಗಾತಿ ಆಡಿದ್ದು ತಮಾಷೆ. ತಾನು ಮಾಡಿದ್ದು ಅದನ್ನೇ, ತಮಾಷೆ ಇಲ್ಲದೆ. ಗಂಡನ ಕೈಗಿಂತ ಅವಳನ್ನು ಹೆಚ್ಚು ಚುಚ್ಚುತ್ತಿದ್ದುದು ಮಗಳ ಮುಖ. ಮಾಡದ ತಪ್ಪಿಗೆ ಆ ಹುಡುಗಿ ನೆಲ ಒರೆಸುತ್ತಿದ್ದಳು, ಮತ್ತು ಒರೆಸಿದ ನೆಲದ ಮೇಲೆ ತಾಯಿ ಓಡಾಡುತ್ತಿದ್ದಳು.

ಹೇಳಿಬಿಡಬೇಕೆಂದು ದಿನವೂ ಹೊರಡುತ್ತಿದ್ದಳು. ಒಂದು ದಿನ ಒಣಗಿದ ಬಟ್ಟೆ ತೆಗೆಯುವಾಗ “ಕಡ್ಡೀ” ಎಂದೂ ಕರೆದಳು. “ಏನಮ್ಮ?” ಎಂದು ಮಗಳು ತಿರುಗಿದಾಗ “ಕ್ಲಿಪ್ಪು ಕೊಡು” ಎಂದಳು.

ನಾಲ್ಕನೇ ವಾರ ಪಟ್ಟಿ ಬಿಚ್ಚಿದರು. ಕೈ ಸಣ್ಣಗಾಗಿತ್ತು, ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ದಿನವೂ ಚಾಚಿ ಮಡಿಸಿ ಅಭ್ಯಾಸ ಮಾಡಿ, ಬಂದೀತು ಎಂದರು ಡಾಕ್ಟರು. ಬಡಗಿಗೆ ತಾಳ್ಮೆ ಎಲ್ಲಿ? ಮಾಡಿನ ಕೆಳಗೆ ಹೋಗಿ ಅರ್ಧಕ್ಕೆ ನಿಂತಿದ್ದ ಬಾಗಿಲಿನ ಹಲಗೆ ಎತ್ತಿಟ್ಟು, ಮರ ನುಣುಪು ಮಾಡುವ ಕೀಸುಳಿ ಹಿಡಿದು ತಳ್ಳಿದ. ಕೈ ಮುಕ್ಕಾಲು ದಾರಿಗೆ ನಿಂತಿತು. ಉಳಿಯ ಬಾಯಿ ಮರಕ್ಕೆ ಕಚ್ಚಿ ಗುಳಿ ಬಿತ್ತು. ಮತ್ತೆ ತಳ್ಳಿದ. ಮತ್ತೊಂದು ಗುಳಿ. ಹೊಟ್ಟು ತುಂಬುತ್ತಿದ್ದ ಕಡ್ಡಿ ತಡೆಯಲಾರದೆ ಕೈ ಚಾಚಿದಳು.

“ನಾನು ತಳ್ತೀನಿ, ನೀವು ಹಿಡಿದು ತೋರಿಸಿ ಅಪ್ಪ.”

“ಮುಟ್ಟಬೇಡ!”

ಆ ಕೂಗಿಗೆ ಬೀದಿಯ ನಾಯಿ ಎದ್ದು ನಿಂತಿತು. ಕಡ್ಡಿ ಚೀಲ ಅಲ್ಲೇ ಬಿಟ್ಟು ಒಳಗೆ ಬಂದಳು. ಅವತ್ತೇ ಹಾಲ್‌ಗೆ ಫೋನ್ ಮಾಡಿ, ಪಂದ್ಯದಿಂದ ತನ್ನ ಹೆಸರು ತೆಗೆಯಿರಿ, ಅಪ್ಪ ತಟ್ಟಿದರೂ ನಾನು ಬಿಡಲಿಲ್ಲವಂತೆ ಎಂದು ಹೇಳಿದಳು. ತಾಯಿ ಈರುಳ್ಳಿ ಹೆಚ್ಚುತ್ತ ಅದನ್ನು ಕೇಳಿಸಿಕೊಂಡಳು.

ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಕುಸ್ತಿ ಕಲಿಸುವ ಮೇಡಂ ಮನೆಗೇ ಬಂದರು. ನಲವತ್ತರ ಹೆಂಗಸು, ವರ್ಷಗಟ್ಟಲೆ ಚಾಪೆಗೆ ಉಜ್ಜಿ ಉಜ್ಜಿ ಎರಡೂ ಕಿವಿಗಳು ಹಿಟ್ಟಿನುಂಡೆಯಂತೆ ಊದಿ ಗಟ್ಟಿಯಾಗಿದ್ದವು. ಅಜ್ಜಿ ಅವರು ಹೇಳಿದ್ದನ್ನು ಬಿಟ್ಟು ಕಿವಿಯನ್ನೇ ನೋಡುತ್ತಿದ್ದಳು. ತಾಯಿ ಚಹಾ ತಂದಿಟ್ಟಳು.

“ಕೈ ಹೇಗಿದೆ ಸರ್?” ಎಂದರು ಮೇಡಂ.

“ಇದೆ.”

“ನಾನು ಹೆಚ್ಚು ಹೊತ್ತು ಕೂರಲ್ಲ. ನಮ್ಮ ಹಾಲ್‌ನಲ್ಲಿ ಒಂದೇ ಕಟ್ಟುನಿಟ್ಟು. ತಟ್ಟಿದ ಮೇಲೂ ಬಿಡದೇ ಇದ್ದವರು ಮತ್ತೆ ಒಳಗೆ ಕಾಲಿಡೋ ಹಾಗಿಲ್ಲ. ಯಾರೇ ಆಗಲಿ, ಎಷ್ಟೇ ಚೆನ್ನಾಗಿ ಆಡಲಿ. ಯಾಕಂದ್ರೆ ಅಲ್ಲಿ ಎಲ್ಲರೂ ತಮ್ಮ ಕೈ ಕಾಲು ಇನ್ನೊಬ್ಬರ ಕೈಗೆ ಕೊಟ್ಟಿರ್ತಾರೆ. ಈ ಹುಡುಗಿ ಅಂಥವಳಲ್ಲ ಅಂತ ನನ್ನ ಮನಸ್ಸು ಹೇಳುತ್ತೆ. ಆದ್ರೆ ಮನಸ್ಸು ಸಾಲಲ್ಲ. ಸರ್, ನೀವು ತಟ್ಟಿದ್ದು ನಿಜ ತಾನೇ?”

“ನಾಲ್ಕು ಸಲ.”

“ನನಗೆ ಗೊತ್ತಾಗಲಿಲ್ಲ ಮೇಡಂ. ಆಣೆ ಮಾಡಿ ಹೇಳ್ತೀನಿ” ಎಂದಳು ಕಡ್ಡಿ. ಅವಳ ದನಿ ಬಿರುಕು ಬಿಟ್ಟಿತ್ತು.

“ಬೇರೆ ಯಾರಾದ್ರೂ ನೋಡಿದ್ರಾ?”

“ನನ್ನ ಕಣ್ಣು ಮಂಜು” ಎಂದಳು ಅಜ್ಜಿ, ಬೀದಿಯ ತುದಿಯ ಮನೆಯವರ ಸೀರೆಯ ಅಂಚು ಗುರುತಿಸುವ ಅಜ್ಜಿ.

ತಾಯಿ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹೊರಟು ನಿಂತ ಮೇಡಂ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಆ ಬಾಗಿಲು ದಾಟಿದರೆ ಮಗಳ ಹೆಸರಿಗೆ ಅಂಟಿದ ಮಸಿ ಅಲ್ಲೇ ಒಣಗುತ್ತದೆ.

“ನಾನು ನೋಡಿದೆ” ಎಂದಳು ತಾಯಿ.

ಎಲ್ಲರೂ ತಿರುಗಿದರು.

“ಇವರು ತಟ್ಟಿದ್ದು ನಿಜ. ಆದ್ರೆ ಹಾಸಿಗೆ ಮೇಲೆ ತಟ್ಟಿದ್ರು, ಎಡಗೈಲಿ, ಆಚೆ ಕಡೆ. ಸದ್ದೇ ಬರಲಿಲ್ಲ. ಅವಳಿಗೆ ಕಾಣೋ ಹಾಗೂ ಇರಲಿಲ್ಲ, ಇವರ ಮೈ ಅಡ್ಡ ಇತ್ತು.”

ಮೇಡಂ ಮತ್ತೆ ಕೂತರು. “ಹತ್ತಿ ಹಾಸಿಗೆನಾ? ಛೆ. ನಮ್ಮಲ್ಲಿ ಚಾಪೆ ಗಟ್ಟಿ, ತಟ್ಟಿದ್ರೆ ಇಡೀ ಹಾಲ್‌ಗೆ ಕೇಳುತ್ತೆ. ಇನ್ಮೇಲೆ ಮನೇಲಿ ಯಾರ ಮೇಲೂ ಪಟ್ಟು ಹಾಕಬೇಡ ಕಣೇ, ತಿಳೀತಾ? ಅದು ನಿನ್ನ ತಪ್ಪು. ಉಳಿದದ್ದು ನಿನ್ನ ತಪ್ಪಲ್ಲ.”

“ಎಲ್ಲ ಕಂಡಿತ್ತಲ್ಲ, ನೀನು ಕೂಗಬಾರದಿತ್ತೇನೇ?” ಎಂದಳು ಅಜ್ಜಿ.

ತಾಯಿ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಅವರೇ ಅವಳ ಪರ ಬಂದರು. “ಅಜ್ಜೀ, ಅದು ಕಣ್ಣು ಮಿಟುಕಿಸೋ ಅಷ್ಟರಲ್ಲಿ ಆಗಿಹೋಗುತ್ತೆ. ನೋಡೋರಿಗೆ ಅರ್ಥ ಆಗೋದ್ರೊಳಗೆ ಮುಗಿದಿರುತ್ತೆ. ಅಲ್ವಾ ಅಮ್ಮ?”

“ಹೌದು” ಎಂದಳು ತಾಯಿ.

ಬಡಗಿ ಹೆಂಡತಿಯನ್ನೇ ನೋಡುತ್ತಿದ್ದ. ಆಮೇಲೆ ಮಗಳ ಕಡೆ ತಿರುಗಿ, ನೆಲ ನೋಡುತ್ತ, “ನಿನಗೆ ಕಾಣಲಿಲ್ಲ ಅಂದ ಮೇಲೆ ಬಿಡು. ನಾಳೆಯಿಂದ ಹೋಗು” ಎಂದ. ಇಪ್ಪತ್ತೇಳು ದಿನದಲ್ಲಿ ಸಿಟ್ಟಿಲ್ಲದೆ ಅವಳಿಗೇ ನೇರವಾಗಿ ಆಡಿದ ಮೊದಲ ಮಾತು. ಕಡ್ಡಿ ಅವನ ಎಡಗೈ ಹಿಡಿದುಕೊಂಡು ಚಿಕ್ಕ ಮಗುವಿನಂತೆ ಅತ್ತಳು. ಅಜ್ಜಿಯೂ ಮೂಗು ಒರೆಸಿಕೊಂಡು, ಮೇಡಂ ಕಡೆ ಬಾಗಿ, “ಆ ಕಿವಿ ನೋಯುತ್ತಾ?” ಎಂದು ಕೇಳಿದಳು.

ಸಂಜೆ ಕಡ್ಡಿ ಅಡಿಗೆಮನೆಗೆ ಬಂದಳು. “ಅಮ್ಮ, ನೀನು ಒಲೆ ಕಡೆ ನೋಡ್ತಿದ್ದೆ ಅಂದಿದ್ಯಲ್ಲ?”

“ಭಯ ಆಗಿತ್ತು.”

“ಯಾರ ಭಯ? ಅಪ್ಪಂದಾ?”

ತಾಯಿ ಒಲೆಯ ಕಡೆ ತಿರುಗಿದಳು. ಕಡ್ಡಿ ಹಿಂದಿನಿಂದ ಅವಳ ಸೊಂಟ ತಬ್ಬಿ ಗಲ್ಲವನ್ನು ಅವಳ ಭುಜದ ಮೇಲಿಟ್ಟಳು. “ಪಾಪ ನೀನು. ಹೋಗಲಿ ಬಿಡು, ಕೊನೆಗಾದ್ರೂ ಹೇಳಿದ್ಯಲ್ಲ. ನೀನು ಹೇಳದಿದ್ರೆ ನನ್ನ ಕಥೆ ಮುಗೀತಿತ್ತು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ‘ಪಾಪ’ ತಾಯಿಗೆ ನುಂಗಲಾಗದ ತುತ್ತಾಯಿತು.

ಮನೆ ಮಾತ್ರ ಹಗುರಾಯಿತು. ಪಂದ್ಯಕ್ಕೆ ಎರಡೇ ವಾರ ಉಳಿದಿತ್ತು. ಕಡ್ಡಿ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಾಲ್‌ಗೆ ಓಡುತ್ತಿದ್ದಳು. ಬಡಗಿ ಅವಳಿಂದ ಕೀಸುಳಿ ತಳ್ಳಿಸಿ, “ಸೊಂಟದಿಂದ ತಳ್ಳು, ಕೈಯಿಂದಲ್ಲ. ಅದೊಂದು ನಿನಗೆ ಚೆನ್ನಾಗಿ ಗೊತ್ತಲ್ಲ” ಎಂದು ಚುಡಾಯಿಸುತ್ತಿದ್ದ. ಅಜ್ಜಿ ಬೀದಿಯವರಿಗೆಲ್ಲ ಮೊಮ್ಮಗಳ ಪಂದ್ಯದ ತಾರೀಖು ಹೇಳಿ ಮುಗಿಸಿದ್ದಳು. ಬಚ್ಚಲು ಮಾತ್ರ ಇನ್ನೂ ಜಾರುತ್ತಲೇ ಇತ್ತು. ಬಂದವರಿಗೆಲ್ಲ ಅದೇ ಕಥೆ. ತಾಯಿಯನ್ನು ಯಾರೂ ಏನೂ ಕೇಳಲಿಲ್ಲ. ತಟ್ಟೆ ಮುಂದೆ ಕೂತರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಗುರುವಾರ ಅವಳ ವಾರದ ರಜೆ. ಪಾತ್ರೆ ತೊಳೆದು, ಬಟ್ಟೆ ಹರವಿ, ಕೈ ಒರೆಸಿಕೊಂಡು ಮಾಡಿನ ಕೆಳಗೆ ಹೋದಳು. ಬಡಗಿ ಬಾಗಿಲಿನ ಚೌಕಟ್ಟಿಗೆ ಅಂಟು ಸವರುತ್ತಿದ್ದ.

“ರೀ, ಒಂದು ಮಾತು.”

“ಆ ತುದಿ ಹಿಡ್ಕೋ ಸ್ವಲ್ಪ.”

ಹಿಡಿದಳು. “ಅವತ್ತು ಅತ್ತೆ ಕೇಳಿದ್ರಲ್ಲ, ಯಾಕೆ ಕೂಗಲಿಲ್ಲ ಅಂತ. ಮೇಡಂ ಹೇಳಿದ ಹಾಗಲ್ಲ ಅದು. ನನಗೆ ಅರ್ಥ ಆಗಿತ್ತು. ನೀವು ಮೊದಲನೇ ಸಲ ತಟ್ಟಿದಾಗಲೇ ಅರ್ಥ ಆಗಿತ್ತು. ಇನ್ನೊಂಚೂರು ಇರಲಿ ಅಂದ್ಕೊಂಡು ಸುಮ್ಮನೆ ನಿಂತೆ. ಕೈ ಹೋಗಲಿ ಅಂತಲ್ಲ ರೀ. ನೋಯಲಿ ಅಂತ. ಸ್ವಲ್ಪ ನೋಯಲಿ ಅಂತ.”

ಬಡಗಿಯ ಕೈಯಲ್ಲಿದ್ದ ಕುಂಚ ನಿಂತಿತು. ಅಂಟು ಹನಿಹನಿಯಾಗಿ ಅವನ ಚಪ್ಪಲಿಯ ಮೇಲೆ ಬಿತ್ತು.

“ಗೊತ್ತು” ಎಂದ.

“ಏನು ಗೊತ್ತು?”

“ನೀನು ನೋಡ್ತಿದ್ದದ್ದು. ಅವಳ ಕಾಲು ನನ್ನ ಮುಖಾನ ನಿನ್ನ ಕಡೆಗೇ ತಿರುಗಿಸಿತ್ತಲ್ಲ. ನಾನು ನಿನ್ನನ್ನ ನೋಡಿಕೊಂಡೇ ತಟ್ಟಿದ್ದು. ಎರಡನೇ ಸಲ ತಟ್ಟಿದ್ದು ನಿನಗೇ.”

“ಮತ್ತೆ ಇಷ್ಟು ದಿನ…”

“ಇಷ್ಟು ದಿನ ಮಗಳ ಮೇಲೆ ಹಾಕಿದೆ.” ಅವನು ಕುಂಚವನ್ನು ಡಬ್ಬಿಗೆ ಇಳಿಬಿಟ್ಟ. “ಅವಳಿಗೆ ಕಂಡಿರಲ್ಲ ಅಂತ ಎರಡನೇ ದಿನವೇ ಲೆಕ್ಕ ಹಾಕಿಕೊಂಡೆ. ಬಡಗಿಗೆ ಅಷ್ಟೂ ತಿಳಿಯಲ್ವಾ, ಯಾವುದರ ಹಿಂದೆ ಯಾವುದು ಮರೆಯಾಗುತ್ತೆ ಅಂತ? ಆದ್ರೂ ಬಿಡಲಿಲ್ಲ. ಮಗಳು ಮೊಂಡು, ತಟ್ಟಿದ್ರೂ ಬಿಡಲಿಲ್ಲ ಅಂದುಕೊಳ್ಳೋದು ಸುಲಭ ಇತ್ತು ಕಣೇ. ಹೆಂಡತಿ ಸೌಟು ಹಿಡ್ಕೊಂಡು ನಿಂತು ನೋಡಿದಳು ಅಂತ ಯಾರಿಗೆ ಹೇಳಲಿ? ಹೇಳಿದ್ರೆ ಯಾಕೆ ನೋಡಿದಳು ಅಂತ ಕೇಳ್ತಾರಲ್ಲ. ಆ ಯಾಕೆ ನನಗೂ ಗೊತ್ತಿತ್ತು.”

ಇಬ್ಬರೂ ಚೌಕಟ್ಟಿನ ಎರಡು ತುದಿಯಲ್ಲಿ ನಿಂತಿದ್ದರು. ಅಂಟು ಆರುತ್ತಿತ್ತು, ಯಾರೂ ಜೋಡಿಸಲಿಲ್ಲ.

“ನನ್ನ ಮೇಲೆ ಸಿಟ್ಟಿಲ್ವಾ?” ಎಂದಳು ಅವಳು ಕೊನೆಗೆ.

“ಇದೆ. ಇರಲ್ವಾ? ಕೈ ಇನ್ನೂ ನೋಯುತ್ತೆ.” ಅವನು ಅಂಟಿನ ಕೈಯನ್ನು ಚಿಂದಿಗೆ ಒರೆಸಿಕೊಂಡ. “ನಿನಗೂ ಇರಬೇಕು, ಇರಲಿ. ಅದು ನಮ್ಮಿಬ್ಬರದ್ದು. ಆದ್ರೆ ಆ ಹುಡುಗಿ ಒಂದು ತಿಂಗಳು ನನ್ನ ಚಪ್ಪಲಿ ಒರೆಸಿಟ್ಟಳಲ್ಲ… ನಾನು ಒರೆಸಿಸಿಕೊಂಡೆನಲ್ಲ.”

“ಹೇಳಬೇಕು ಅವಳಿಗೆ.”

“ಪಂದ್ಯ ಮುಗೀಲಿ ಅಂತೀಯಾ?”

ಅವಳು ತಲೆ ಅಲ್ಲಾಡಿಸಿದಳು. “ಹಾಗೇ ಮುಂದಕ್ಕೆ ಹಾಕಿ ಹಾಕಿ ಇಲ್ಲಿಗೆ ಬಂದಿದ್ದು.”

ಅವತ್ತೇ ಹಳೇ ಗೋದಾಮಿಗೆ ಇಬ್ಬರೂ ಮೊದಲ ಸಲ ಹೋದರು. ಸಂಜೆ ಐದರ ಬಿಸಿಲು ಎತ್ತರದ ಕಿಟಕಿಗಳಿಂದ ಚಾಪೆಯ ಮೇಲೆ ಬಿದ್ದಿತ್ತು. ಬೆವರಿನ ವಾಸನೆ, ರಬ್ಬರಿನ ವಾಸನೆ. ಹತ್ತು ಹನ್ನೆರಡು ಜೋಡಿ ಉರುಳಾಡುತ್ತಿದ್ದವು. ಅಲ್ಲೊಂದು ಇಲ್ಲೊಂದು ಕಡೆ ಯಾರೋ ತಟ್ಟುವ ಸದ್ದು ಪಟಪಟನೆ ಕೇಳುತ್ತಿತ್ತು, ತಟ್ಟಿದೊಡನೆ ಜೋಡಿ ಬಿಡಿಸಿಕೊಂಡು ನಗುತ್ತ ಮತ್ತೆ ಕೂರುತ್ತಿತ್ತು. ಕಡ್ಡಿ ಅವರನ್ನು ಕಂಡು ಎದ್ದು ಓಡಿ ಬಂದಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು.

“ಏನಾಯ್ತು? ಅಜ್ಜಿಗೇನಾದ್ರೂ…?”

“ಅಜ್ಜಿಗೇನಾಗುತ್ತೆ, ಬೀದಿ ಕಾಯ್ತಿದ್ದಾಳೆ” ಎಂದ ಬಡಗಿ. ಹೊರಗಿನ ಮೆಟ್ಟಿಲ ಕಡೆ ಕೈ ತೋರಿದ. “ಬಾ. ಕಡ್ಡೀ, ಅವತ್ತು ನಿಮ್ಮಮ್ಮ—”

“ನೀವಿರಿ. ನಂದು ನಾನೇ ಹೇಳ್ತೀನಿ” ಎಂದಳು ತಾಯಿ.

ಹೇಳಿದಳು. ನಡುವೆ ನಿಲ್ಲಿಸಲಿಲ್ಲ, ಅಳಲಿಲ್ಲ. ಅತ್ತರೆ ಮಗಳು ಸಮಾಧಾನ ಮಾಡಲು ಬಂದುಬಿಡುತ್ತಾಳೆ ಎಂಬ ಎಚ್ಚರ ಅವಳಿಗಿತ್ತು. ಮನಸ್ಸಿನಲ್ಲಿ ಬಂದ ಮಾತನ್ನೂ ಹೇಳಿದಳು, ಇನ್ನೊಂಚೂರು ಇರಲಿ ಎಂದದ್ದನ್ನು. ಆಮೇಲೆ ಬಡಗಿ ತನ್ನದನ್ನು ಹೇಳಿದ. ಅವನ ಮಾತು ನಾಲ್ಕು ಕಡೆ ತೊಡರಿತು.

ಕಡ್ಡಿಯ ಮುಖದಲ್ಲಿದ್ದ ಕೆಂಪು ಇಳಿಯಿತು. ಒಮ್ಮೆ ಅಮ್ಮನನ್ನು ನೋಡಿದಳು, ಒಮ್ಮೆ ಅಪ್ಪನನ್ನು.

“ನಿಮ್ಮಿಬ್ಬರಿಗೂ ಗೊತ್ತಿತ್ತು” ಎಂದಳು. “ಇಬ್ಬರಿಗೂ. ನನ್ನೊಬ್ಬಳಿಗೆ ಗೊತ್ತಿರಲಿಲ್ಲ.”

“ಹೂಂ” ಎಂದಳು ತಾಯಿ.

“ನಾನು ದಿನಾ ನನ್ನ ಕೈ ನೋಡ್ಕೊಳ್ತಿದ್ದೆ ಅಮ್ಮ. ಇದೆಂಥ ಕೈ ನಂದು, ತಟ್ಟಿದ್ರೂ ತಿಳಿಯಲ್ವಾ ಅಂತ.”

ತಾಯಿ ಆ ಕೈಗಳನ್ನೇ ನೋಡಿದಳು.

“ನೀವು ಮನೆಗೆ ಹೋಗಿ. ನನಗೆ ಇನ್ನೂ ಒಂದು ಗಂಟೆ ಅಭ್ಯಾಸ ಇದೆ” ಎಂದು ಕಡ್ಡಿ ಒಳಗೆ ಹೋದಳು.

ಅವರು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಮೇಡಂ ಗದರುವುದು, ಯಾರೋ ನಗುವುದು ಕೇಳುತ್ತಿತ್ತು. ಮಗಳ ದನಿ ಕೇಳಲಿಲ್ಲ. ಬಡಗಿ ಡಾಕ್ಟರು ಹೇಳಿಕೊಟ್ಟಂತೆ ಕೈ ಚಾಚಿ ಮಡಿಸಿ ಮಾಡುತ್ತಿದ್ದ. “ಇನ್ನೂ ಸ್ವಲ್ಪ ಚಾಚಿ” ಎಂದಳು ಹೆಂಡತಿ. “ನೋಯುತ್ತೆ” ಎಂದ. “ಹಾಗಾದ್ರೆ ಬಿಡಿ” ಎಂದಳು.

ಆರು ಗಂಟೆಗೆ ಕಡ್ಡಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಅವರನ್ನು ಕಂಡಳು, ಮಾತಾಡದೆ ಮೆಟ್ಟಿಲಿಳಿದು ಮುಂದೆ ನಡೆದಳು. ಇಬ್ಬರೂ ಹಿಂದೆ ಹಿಂದೆ ನಡೆದರು, ಹತ್ತಿರ ಹೋಗಲು ಧೈರ್ಯ ಸಾಲದೆ. ಅಂಗಡಿಗಳು ಹಿಂದಾದವು, ಬಸ್ಸಿನ ನಿಲ್ದಾಣ ಹಿಂದಾಯಿತು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ದೊಡ್ಡ ರಸ್ತೆ ದಾಟುವ ಕಡೆ ದೀಪ ಹಸಿರಾಯಿತು. ಜನ ದಾಟಿದರು. ಕಡ್ಡಿ ದಾಟಲಿಲ್ಲ. ಬೆನ್ನು ಅವರ ಕಡೆಗೇ ಇಟ್ಟು, ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿ, ಅಂಚಿನಲ್ಲೇ ನಿಂತಳು. ದೀಪ ಮತ್ತೆ ಕೆಂಪಾಯಿತು. ಆಗಲೂ ನಿಂತೇ ಇದ್ದಳು.

“ನಡೀರಿ ಬೇಗ” ಎಂದು ತಾಯಿ ಗಂಡನ ನೋಯದ ಕೈ ಹಿಡಿದು ಎಳೆದಳು.